ಲುಕ್ಲಾ: ನೆಲ ಮುಟ್ಟುವ ಮೊದಲೇ ನಡೆದುಹೋಗುವ ಅಪಘಾತ

2017ರ ಮೇ 27ರ ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ನೇಪಾಳದ ಲುಕ್ಲಾದಲ್ಲಿ ಸಣ್ಣ ವಿಮಾನವೊಂದು ಇಳಿಯುವಾಗ ಬಿತ್ತು. ಕಠ್ಮಂಡುವಿನಿಂದ ಸರಕು ಹೊತ್ತು ಬಂದಿದ್ದ ಎಲ್-410 ಮಾದರಿಯ ವಿಮಾನ ಅದು. ಒಳಗಿದ್ದವರು ಮೂವರೇ. ರನ್‌ವೇಯ ಅಂಚು ಇನ್ನೇನು ಬಂತು ಎನ್ನುವಷ್ಟರಲ್ಲಿ, ಆ ಅಂಚಿಗಿಂತ ಕೆಳಗಿನ ಇಳಿಜಾರಿಗೆ ವಿಮಾನ ಬಡಿಯಿತು. ಕ್ಯಾಪ್ಟನ್ ಮತ್ತು ಸಹ ಪೈಲಟ್ ಇಬ್ಬರೂ ತೀರಿಕೊಂಡರು. ಮೂರನೆಯವರು ಗಾಯಗೊಂಡು ಉಳಿದರು.

ಇಂಥ ಸುದ್ದಿ ನಮ್ಮ ಪತ್ರಿಕೆಗಳ ವಿದೇಶ ಪುಟದಲ್ಲಿ ನಾಲ್ಕು ಸಾಲಿನಲ್ಲಿ ಮುಗಿದುಹೋಗುತ್ತದೆ. ಹವಾಮಾನ ಕೆಟ್ಟಿತ್ತು, ಪೈಲಟ್ ಅಂದಾಜು ತಪ್ಪಿದರು ಎಂಬ ಎರಡು ಕಾರಣ ಜತೆಗಿರುತ್ತವೆ. ಎರಡೂ ಸುಳ್ಳಲ್ಲ. ಆದರೆ ಅಷ್ಟೇ ಓದಿ ಪುಟ ತಿರುಗಿಸಿದವರಿಗೆ ಅಲ್ಲಿ ಏನಾಯಿತು ಎಂಬುದು ತಿಳಿಯುವುದಿಲ್ಲ. ಲುಕ್ಲಾದಂಥ ಜಾಗದಲ್ಲಿ ಅಪಘಾತ ನೆಲಕ್ಕೆ ಬಡಿದ ಕ್ಷಣದಲ್ಲಿ ಆಗುವುದಿಲ್ಲ. ಅದಕ್ಕೂ ಒಂದೆರಡು ನಿಮಿಷ ಮೊದಲು, ವಿಮಾನ ಇನ್ನೂ ಆರಾಮವಾಗಿ ಹಾರುತ್ತಿರುವಾಗ, ಹಿಂದಿರುಗಲು ದಾರಿ ಇದ್ದಾಗ ಹಿಂದಿರುಗದೆ ಹೋದದ್ದರಲ್ಲಿ ಅದು ಆಗಿಹೋಗಿರುತ್ತದೆ. ಆ ನಿರ್ಧಾರ ಪೈಲಟ್ ಒಬ್ಬರದೇ ಎಂದು ನಾನು ಒಪ್ಪುವುದಿಲ್ಲ. ಯಾಕೆಂದು ವಿವರಿಸಬೇಕಾದರೆ ಮೊದಲು ಆ ರನ್‌ವೇಯನ್ನು ಸರಿಯಾಗಿ ನೋಡಬೇಕು.

ಎವರೆಸ್ಟ್ ಬೇಸ್ ಕ್ಯಾಂಪಿಗೆ ಚಾರಣ ಹೋಗುವವರಲ್ಲಿ ಬಹುಪಾಲು ಮಂದಿ ಲುಕ್ಲಾದಿಂದಲೇ ನಡಿಗೆ ಆರಂಭಿಸುತ್ತಾರೆ. ಬೆಂಗಳೂರಿನಿಂದ ಪ್ರತಿವರ್ಷ ಹೋಗುವವರೂ ಇದ್ದಾರೆ. ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 2,860 ಮೀಟರ್ ಎತ್ತರದಲ್ಲಿ. ರನ್‌ವೇಯ ಉದ್ದ 527 ಮೀಟರ್. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ರನ್‌ವೇ 4,000 ಮೀಟರ್ ಇದೆ ಎಂದರೆ ವ್ಯತ್ಯಾಸ ಗೊತ್ತಾಗುತ್ತದೆ. ಉದ್ದ ಕಡಿಮೆ ಎನ್ನುವುದಕ್ಕಿಂತ ದೊಡ್ಡ ಸಂಗತಿ ಅದರ ಇಳಿಜಾರು. ಶೇ 11.7ರಷ್ಟು ಏರು, ಅಂದರೆ ರನ್‌ವೇಯ ಒಂದು ತುದಿಗಿಂತ ಇನ್ನೊಂದು ತುದಿ ಸುಮಾರು 60 ಮೀಟರ್ ಮೇಲಿದೆ. ಕೆಳಗಿನ ತುದಿ ಮುಗಿದ ಕೂಡಲೇ ದೂಧಕೋಶಿ ನದಿಯ ಆಳವಾದ ಕಣಿವೆ. ಮೇಲಿನ ತುದಿಯಲ್ಲಿ ಕಲ್ಲಿನ ಗೋಡೆ, ಅದರ ಹಿಂದೆ ಬೆಟ್ಟ. ಹಾಗಾಗಿ ವಿಮಾನಗಳು ಕಣಿವೆಯ ಕಡೆಯಿಂದ ಬಂದು ಏರುಮುಖವಾಗಿ ಇಳಿಯಬೇಕು, ಇಳಿಮುಖವಾಗಿ ಓಡಿ ಕಣಿವೆಯ ಮೇಲೆ ಹಾರಬೇಕು. ಬೇರೆ ದಿಕ್ಕಿಲ್ಲ.

ಇದನ್ನು ಮಾಡಿಸಿದವರು ಎಡ್ಮಂಡ್ ಹಿಲರಿ, 1964ರಲ್ಲಿ. ಶೆರ್ಪಾ ಜನರಿಗಾಗಿ ಶಾಲೆ, ಆಸ್ಪತ್ರೆ ಕಟ್ಟಿಸಲು ಸಾಮಗ್ರಿ ತರಬೇಕಿತ್ತು. ಕೆಳಗಿನ ಸಮತಟ್ಟಾದ ಜಮೀನು ಉಳುಮೆಯಲ್ಲಿತ್ತು, ರೈತರು ಬಿಟ್ಟುಕೊಡಲಿಲ್ಲ. ಸಿಕ್ಕಿದ್ದು ಈ ಇಳಿಜಾರು. ಮಣ್ಣಿನ ನೆಲಕ್ಕೆ ಡಾಂಬರು ಬಿದ್ದದ್ದು 2001ರಲ್ಲಿ. 2008ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಇಬ್ಬರ ಹೆಸರನ್ನೂ ನಿಲ್ದಾಣಕ್ಕೆ ಇಟ್ಟರು. ಬೆಟ್ಟದ ಜನರ ಬದುಕನ್ನು ಈ ಸಣ್ಣ ಪಟ್ಟಿ ಎಷ್ಟು ಬದಲಿಸಿತು ಎಂಬುದಕ್ಕೆ ಲೆಕ್ಕವಿಲ್ಲ. ಅದಕ್ಕೆ ತೆತ್ತ ಬೆಲೆಯೂ ಕಡಿಮೆಯದಲ್ಲ. ಹಿಲರಿಯವರ ಪತ್ನಿ ಮತ್ತು ಕಿರಿಯ ಮಗಳು 1975ರಲ್ಲಿ ಸತ್ತದ್ದು ಇಂಥದೇ ಸಣ್ಣ ವಿಮಾನದಲ್ಲಿ. ಹಿಲರಿ ಆಸ್ಪತ್ರೆ ಕಟ್ಟಿಸುತ್ತಿದ್ದ ಫಾಪ್ಲುವಿಗೆ ಹೊರಟಿದ್ದ ಅವರ ವಿಮಾನ ಕಠ್ಮಂಡುವಿನಿಂದ ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಬಿದ್ದಿತು.

ಇಳಿಜಾರು ಅಪಾಯ ಎಂದು ಕೇಳಿದವರಿಗೆ ಅನ್ನಿಸಬಹುದು. ನಿಜಕ್ಕೂ ಅದು ಇಲ್ಲಿ ಉಪಕಾರಿ. ಏರಿನಲ್ಲಿ ಓಡುವ ವಿಮಾನದ ವೇಗ ತಾನಾಗಿ ತಗ್ಗುತ್ತದೆ, ಇಳಿಜಾರಿನಲ್ಲಿ ಓಡುವ ವಿಮಾನ ಬೇಗ ವೇಗ ಪಡೆಯುತ್ತದೆ. ಅದಿಲ್ಲದಿದ್ದರೆ 527 ಮೀಟರಿನಲ್ಲಿ ಈ ಕೆಲಸ ಆಗುತ್ತಲೇ ಇರಲಿಲ್ಲ. ಇಲ್ಲಿಗೆ ಬರುವ ಟ್ವಿನ್ ಆಟರ್, ಎಲ್-410, ಡಾರ್ನಿಯರ್ 228 ಮುಂತಾದವು ಗಿಡ್ಡ ರನ್‌ವೇಗೆಂದೇ ತಯಾರಾದ ವಿಮಾನಗಳು. ಸುಮಾರು ಇಪ್ಪತ್ತು ಸೀಟು, ಎರಡು ಪ್ರೊಪೆಲ್ಲರ್. ನೆಲ ಮುಟ್ಟಿದ ಕೂಡಲೇ ಪ್ರೊಪೆಲ್ಲರಿನ ರೆಕ್ಕೆಗಳ ಕೋನ ಬದಲಿಸಿದರೆ ಅವು ಗಾಳಿಯನ್ನು ಮುಂದಕ್ಕೆ ತಳ್ಳಿ ವಿಮಾನವನ್ನು ತಡೆಯುತ್ತವೆ.

ತೊಂದರೆ ಇರುವುದು ಬೇರೆ ಕಡೆ. ವಿಮಾನ ಇಳಿಸುವ ಪೈಲಟ್ ಕೈಯಲ್ಲಿ ಸಾಮಾನ್ಯವಾಗಿ ಕೊನೆಯವರೆಗೂ ಒಂದು ಉಪಾಯ ಇರುತ್ತದೆ. ವೇಗ ಹೆಚ್ಚಾಯಿತು, ಎತ್ತರ ಸರಿಯಿಲ್ಲ, ಅಡ್ಡಗಾಳಿ ಬೀಸಿತು ಎಂದಾಗ ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲೇರಿ ಒಂದು ಸುತ್ತು ಹೊಡೆದು ಬರುವುದು. ಇದಕ್ಕೆ ಗೋ ಅರೌಂಡ್ ಎನ್ನುತ್ತಾರೆ. ಲುಕ್ಲಾದಲ್ಲಿ ಒಂದು ಹಂತ ದಾಟಿದ ಮೇಲೆ ಈ ಉಪಾಯ ಇಲ್ಲ. ರನ್‌ವೇಯೇ ನೂರು ಮೀಟರಿಗೆ ಹನ್ನೆರಡು ಮೀಟರಿನಷ್ಟು ಏರುತ್ತದೆ, ಮುಂದಿನ ಬೆಟ್ಟ ಇನ್ನೂ ಕಡಿದು. ಚಕ್ರ ಇಳಿಸಿಕೊಂಡು, ರೆಕ್ಕೆಯ ಫ್ಲ್ಯಾಪ್‌ಗಳನ್ನು ಪೂರ್ತಿ ಬಿಚ್ಚಿಕೊಂಡು ನಿಧಾನವಾಗಿ ಬರುತ್ತಿರುವ ವಿಮಾನ ಅಷ್ಟು ಕಡಿದಾಗಿ ಏರಲಾರದು. ತಿರುಗಿಸೋಣ ಎಂದರೆ ಅಕ್ಕಪಕ್ಕ ಜಾಗವಿಲ್ಲ. ಆದ್ದರಿಂದ ಪೈಲಟ್ ಮೊದಲೇ ಒಂದು ಗೆರೆ ಹಾಕಿಕೊಂಡಿರಬೇಕು: ಕಣಿವೆಯ ಇಂಥ ಜಾಗಕ್ಕೆ ಬರುವ ಹೊತ್ತಿಗೆ ರನ್‌ವೇ ಸ್ಪಷ್ಟವಾಗಿ ಕಾಣುತ್ತಿರಬೇಕು, ವೇಗ, ಎತ್ತರ, ಗಾಳಿ ಎಲ್ಲ ಸರಿಯಿರಬೇಕು, ಒಂದು ತಪ್ಪಿದ್ದರೂ ಅಲ್ಲಿಂದಲೇ ತಿರುಗಬೇಕು. ಗೆರೆ ದಾಟಿದರೆ ಇಳಿಯಲೇಬೇಕು. ಅಮೆರಿಕದ ಐಡಹೊ ರಾಜ್ಯದ ಕಾಡುಗಳೊಳಗಿನ ಏರ್‌ಸ್ಟ್ರಿಪ್‌ಗಳಲ್ಲಿ, ಪಪುವಾ ನ್ಯೂಗಿನಿಯ ಗುಡ್ಡದ ಹಳ್ಳಿಗಳಲ್ಲಿ ಹಾರುವ ಪೈಲಟ್‌ಗಳಿಗೂ ಕಲಿಸುವ ಮೊದಲ ಪಾಠ ಇದೇ.

ಕನ್ನಡಿಗರಿಗೆ ಈ ಮಾತು ತಟ್ಟಲು ಮಂಗಳೂರಿನ ನೆನಪು ಸಾಕು. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಟೇಬಲ್‌ಟಾಪ್ ರನ್‌ವೇಯ ತುದಿ ದಾಟಿ ಕಂದಕಕ್ಕೆ ಬಿದ್ದು 158 ಜನ ಸತ್ತರು, ಎಂಟು ಜನ ಉಳಿದರು. ಅಲ್ಲಿನ ರನ್‌ವೇ 2,450 ಮೀಟರ್. ವಿಮಾನ ಬರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ ಬಂದು ರನ್‌ವೇಯ ಅರ್ಧಕ್ಕಿಂತ ಹೆಚ್ಚು ಭಾಗ ಕಳೆದ ಮೇಲೆ ನೆಲ ಮುಟ್ಟಿತ್ತು. ಸಹ ಪೈಲಟ್ ಮೂರು ಬಾರಿ ಗೋ ಅರೌಂಡ್ ಮಾಡಲು ಹೇಳಿದ್ದರು ಎಂಬುದು ತನಿಖೆಯಲ್ಲಿ ದಾಖಲಾಗಿದೆ. ಯಂತ್ರವೂ ಎಚ್ಚರಿಸಿತ್ತು. ಮಂಗಳೂರಿನಲ್ಲಿ ಕೊನೆಯ ಗಳಿಗೆಯವರೆಗೂ ಅವಕಾಶವಿತ್ತು, ಬಳಸಿಕೊಳ್ಳಲಿಲ್ಲ. ಲುಕ್ಲಾದಲ್ಲಿ ಆ ಅವಕಾಶ ಬೇಗನೆ ಮುಗಿದುಹೋಗುತ್ತದೆ. ಹಾಗಾಗಿ ಅದೇ ನಿರ್ಧಾರವನ್ನು ಇನ್ನೂ ಮೊದಲೇ, ಇನ್ನೂ ಕಡಿಮೆ ಮಾಹಿತಿ ಇಟ್ಟುಕೊಂಡು ತೆಗೆದುಕೊಳ್ಳಬೇಕಾಗುತ್ತದೆ.

ಇನ್ನು ಎತ್ತರದ ಮಾತು. 2,860 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಭಾಗದಷ್ಟು ಮಾತ್ರ. ರೆಕ್ಕೆಯನ್ನು ಎತ್ತಿಹಿಡಿಯುವುದು ಗಾಳಿ. ಅದು ತೆಳುವಾದರೆ ಅಷ್ಟೇ ಭಾರ ಹೊರಲು ವಿಮಾನ ಹೆಚ್ಚು ವೇಗವಾಗಿ ಹೋಗಬೇಕು. ಪೈಲಟ್ ಮುಂದಿನ ವೇಗಮಾಪಕ ಗಾಳಿಯ ಒತ್ತಡವನ್ನು ಅಳೆದು ವೇಗ ಹೇಳುತ್ತದೆ, ಆದ್ದರಿಂದ ಅದರ ಮುಳ್ಳು ಎಂದಿನ ಜಾಗದಲ್ಲೇ ನಿಂತಿರುತ್ತದೆ. ಗಂಟೆಗೆ 130 ಕಿಲೊಮೀಟರ್ ಎಂದು ಅದು ತೋರಿಸುವಾಗ ವಿಮಾನ ನಿಜವಾಗಿ ಹೋಗುತ್ತಿರುವುದು 150ರ ಆಸುಪಾಸಿನಲ್ಲಿ. ವೇಗ ಶೇ 15ರಷ್ಟು ಹೆಚ್ಚಿದರೆ ನೆಲದ ಮೇಲೆ ತಡೆದು ನಿಲ್ಲಿಸಬೇಕಾದ ಶಕ್ತಿ ಶೇ 30ಕ್ಕಿಂತ ಹೆಚ್ಚಾಗುತ್ತದೆ. ಇದೇ ತೆಳು ಗಾಳಿಯಲ್ಲಿ ಎಂಜಿನ್ನೂ ಸೊರಗುತ್ತದೆ, ಪ್ರೊಪೆಲ್ಲರಿನ ಹಿಡಿತವೂ ಕಡಿಮೆಯಾಗುತ್ತದೆ. ಹೆಚ್ಚು ಶಕ್ತಿ ಬೇಕಾದ ಕಡೆಯಲ್ಲೇ ಕಡಿಮೆ ಸಿಗುತ್ತದೆ. ಬಿಸಿಲೇರಿದಷ್ಟೂ ಗಾಳಿ ಮತ್ತಷ್ಟು ತೆಳು.

ಕಣ್ಣೂ ಇಲ್ಲಿ ಪೂರ್ತಿ ನಂಬುವಂಥದ್ದಲ್ಲ. ಸಾವಿರಾರು ಬಾರಿ ಸಮತಟ್ಟಾದ ರನ್‌ವೇ ನೋಡಿದ ಕಣ್ಣಿಗೆ ಒಂದು ಆಕಾರ ರೂಢಿಯಾಗಿರುತ್ತದೆ. ಏರುಮುಖದ ರನ್‌ವೇ ಎದುರಿಗೆ ಎದ್ದು ನಿಂತಂತೆ ಕಾಣುವುದರಿಂದ, ತಾನು ತುಂಬ ಎತ್ತರದಲ್ಲಿದ್ದೇನೆ ಎಂಬ ಭ್ರಮೆ ಹುಟ್ಟುತ್ತದೆ. ರನ್‌ವೇ ಕಿರಿದಾಗಿದ್ದರೆ ಭ್ರಮೆ ಇನ್ನಷ್ಟು ಗಟ್ಟಿಯಾಗುತ್ತದೆ. ಎತ್ತರದಲ್ಲಿದ್ದೇನೆ ಅನ್ನಿಸಿದವರು ಇಳಿಸುತ್ತಾರೆ. ಇಳಿಸಿದರೆ ರನ್‌ವೇಯ ಅಂಚಿಗಿಂತ ಕೆಳಗೆ ಹೋಗಿಬಿಡುವ ಅಪಾಯ. ಬಯಲುಸೀಮೆಯ ನಿಲ್ದಾಣದಲ್ಲಿ ಹೀಗೆ ತುಸು ತಗ್ಗಿದರೆ ಗದ್ದೆಯೋ ಬಯಲೋ ಇರುತ್ತದೆ. ಇಲ್ಲಿ ಬಂಡೆ ಇರುತ್ತದೆ. ಈ ಕಾರಣಕ್ಕೇ ನೇಪಾಳದಲ್ಲಿ ಲುಕ್ಲಾಕ್ಕೆ ಹಾರುವ ಪೈಲಟ್‌ಗಳು ಗಿಡ್ಡ ರನ್‌ವೇಗಳಲ್ಲಿ ಕನಿಷ್ಠ 100 ಹಾರಾಟಗಳ ಅನುಭವ ಪಡೆದಿರಬೇಕು, ಲುಕ್ಲಾಕ್ಕೇ ಹತ್ತು ಬಾರಿ ತರಬೇತುದಾರರ ಜತೆ ಬಂದಿಳಿದಿರಬೇಕು ಎಂಬ ನಿಯಮವಿದೆ. ಲುಕ್ಲಾದಲ್ಲಿ ವಿಮಾನ ಇಳಿಸುವವರು ಹೊಸಬರಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಅಪಘಾತಕ್ಕೆ ಅನುಭವದ ಕೊರತೆಯನ್ನು ದೂರಿ ಸುಮ್ಮನಾಗುವಂತಿಲ್ಲ.

ಕಣಿವೆಯ ಗಾಳಿಗೆ ತನ್ನದೇ ದಿನಚರಿ ಇದೆ. ಬೆಳಗಿನ ಜಾವ ತಣ್ಣಗೆ ಸ್ತಬ್ಧವಾಗಿರುತ್ತದೆ. ಬಿಸಿಲು ಬೆಟ್ಟದ ಮೈಗೆ ತಾಗಿದಂತೆ ಅಲ್ಲಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಅದರ ಜಾಗ ತುಂಬಲು ಕೆಳಗಿನ ಗಾಳಿ ಕಣಿವೆಯುದ್ದಕ್ಕೂ ಮೇಲಕ್ಕೆ ಹರಿಯುತ್ತದೆ. ಅದು ಹೊತ್ತು ತಂದ ತೇವ ತಂಪಾಗಿ ಮೋಡವಾಗುತ್ತದೆ. ಲುಕ್ಲಾದಲ್ಲಿ ಇಳಿಯುವ ವಿಮಾನವೂ ಕಣಿವೆಯ ಕೆಳಗಿನಿಂದ ಮೇಲ್ಮುಖವಾಗಿಯೇ ಬರುವುದರಿಂದ ಈ ಗಾಳಿ ಅದರ ಬೆನ್ನಿಗೆ ಬೀಸುತ್ತದೆ. ಎದುರುಗಾಳಿ ಇದ್ದರೆ ವೇಗ ತಗ್ಗಿಸಲು ನೆರವಾಗುತ್ತಿತ್ತು. ಬೆನ್ನಗಾಳಿ ವಿಮಾನವನ್ನು ಇನ್ನಷ್ಟು ವೇಗವಾಗಿ ರನ್‌ವೇಗೆ ತಳ್ಳುತ್ತದೆ. ಹಾಗಾಗಿ ಇಲ್ಲಿನ ಹಾರಾಟ ಹೆಚ್ಚಾಗಿ ಬೆಳಗಿನ ಕೆಲಸ. ಮಧ್ಯಾಹ್ನವಾದಂತೆ ಗಾಳಿ, ಮೋಡ ಎರಡೂ ಸೇರಿ ದಾರಿ ಮುಚ್ಚುತ್ತವೆ. 2017ರ ಆ ಸರಕು ವಿಮಾನ ಬಂದದ್ದು ಮಧ್ಯಾಹ್ನ ಎಂಬುದನ್ನು ಇಲ್ಲಿ ನೆನೆಯಬೇಕು.

ಹಾಗೆಂದು ಬೆಳಗಾದರೆ ಕ್ಷೇಮ ಎಂದಲ್ಲ. 2008ರ ಅಕ್ಟೋಬರ್ 8ರಂದು ಬೆಳಿಗ್ಗೆ ಏಳೂವರೆಯ ಸುಮಾರಿಗೆ ಯೇತಿ ಏರ್‌ಲೈನ್ಸಿನ ಟ್ವಿನ್ ಆಟರ್ ಇಳಿಯಲು ಬಂತು. ಚಾರಣದ ಋತು, ಒಳಗೆ 19 ಜನ. ಹೆಚ್ಚಿನವರು ಜರ್ಮನಿಯ ಪ್ರವಾಸಿಗಳು. ಕೊನೆಯ ಹಂತದಲ್ಲಿ ರನ್‌ವೇ ಮುಂದೆ ಮಂಜು ಕವಿಯಿತು. ವಿಮಾನ ಬರಬೇಕಾದ ರೇಖೆಗಿಂತ ತಗ್ಗಿನಲ್ಲಿ, ತುಸು ಎಡಕ್ಕೆ ಬಂದು ರನ್‌ವೇಗೆ ಮುಂಚಿನ ಬೇಲಿಗೆ ಸಿಕ್ಕಿ ಅಪ್ಪಳಿಸಿ ಹೊತ್ತಿಕೊಂಡಿತು. 18 ಜನ ಸತ್ತರು. ಬದುಕಿದ್ದು ಕ್ಯಾಪ್ಟನ್ ಒಬ್ಬರೇ.

ದೊಡ್ಡ ನಿಲ್ದಾಣಗಳಲ್ಲಿ ಮಂಜಿದ್ದರೂ ರೇಡಿಯೊ ಸಂಕೇತ ಹಿಡಿದು ವಿಮಾನ ಕೆಳಗಿಳಿಯುವ ವ್ಯವಸ್ಥೆ ಇರುತ್ತದೆ. ಲುಕ್ಲಾದಲ್ಲಿ ಅದಿಲ್ಲ, ಬೆಟ್ಟದ ಇಕ್ಕಟ್ಟಿನಲ್ಲಿ ಹಾಕುವುದೂ ಸುಲಭವಲ್ಲ. ಕಣ್ಣಿಗೆ ಕಂಡರೆ ಮಾತ್ರ ಇಳಿಯಬೇಕು ಎಂಬುದೇ ನಿಯಮ. ಗೋಪುರದಲ್ಲಿ ಕುಳಿತ ಅಧಿಕಾರಿ ಗಾಳಿ ಇಷ್ಟಿದೆ, ಮೋಡ ಇಲ್ಲಿದೆ ಎಂದು ಮಾಹಿತಿ ಕೊಡುತ್ತಾರೆ. ಬರಬೇಕೋ ಬೇಡವೋ ಎಂಬ ತೀರ್ಮಾನ ಪೈಲಟ್‌ಗೆ ಬಿಟ್ಟದ್ದು.

ಈಗ 2017ರ ವಿಮಾನದ ಕೊನೆಯ ಗಳಿಗೆಗೆ ಬರೋಣ. ಅದರ ತನಿಖಾ ವರದಿ ಹೇಳಿದ ಮುಖ್ಯ ಕಾರಣ ಒಂದೇ ಪದದಲ್ಲಿದೆ: ಸ್ಟಾಲ್. ಇದನ್ನು ಎಂಜಿನ್ ನಿಂತುಹೋಗುವುದು ಎಂದು ಅನೇಕರು ತಿಳಿಯುತ್ತಾರೆ. ಎಂಜಿನ್ನಿಗೂ ಅದಕ್ಕೂ ಸಂಬಂಧವಿಲ್ಲ. ಓಡುವ ಬಸ್ಸಿನ ಕಿಟಕಿಯಿಂದ ಅಂಗೈ ಚಾಚಿ ಮುಂಭಾಗವನ್ನು ತುಸು ಮೇಲೆತ್ತಿದರೆ ಗಾಳಿ ಕೈಯನ್ನು ಮೇಲಕ್ಕೆತ್ತುತ್ತದೆ. ತೀರ ಎತ್ತಿದರೆ ಎತ್ತುವುದು ನಿಂತು ಹಿಂದಕ್ಕೆ ಜಗ್ಗತೊಡಗುತ್ತದೆ. ರೆಕ್ಕೆಯ ಪಾಡೂ ಅದೇ. ಒಂದು ಕೋನ ಮೀರಿದರೆ ರೆಕ್ಕೆಯ ಮೇಲ್ಮೈಗೆ ಅಂಟಿ ಹರಿಯುತ್ತಿದ್ದ ಗಾಳಿ ಕಿತ್ತುಹೋಗಿ ಚದುರುತ್ತದೆ, ರೆಕ್ಕೆ ವಿಮಾನವನ್ನು ಹೊರುವುದನ್ನು ಬಿಟ್ಟುಬಿಡುತ್ತದೆ. ವೇಗ ಕಡಿಮೆ ಇದ್ದಷ್ಟೂ ಆ ಕೋನ ಹತ್ತಿರ.

ಕಾಕ್‌ಪಿಟ್ಟಿನಲ್ಲಿ ಕುಳಿತವರಿಗೆ ಅದು ಹೇಗೆ ಎದುರಾಗುತ್ತದೆ ಎಂಬುದನ್ನು ಊಹಿಸಿ ನೋಡಿ. ಮೋಡದ ಚೂರುಗಳ ನಡುವೆ ರನ್‌ವೇ ಕಂಡು ಮರೆಯಾಗುತ್ತಿದೆ. ಚಕ್ರ ಇಳಿದಿದೆ, ಫ್ಲ್ಯಾಪ್ ಪೂರ್ತಿ ಬಿಚ್ಚಿದೆ, ಇವೆರಡೂ ಗಾಳಿಯಲ್ಲಿ ವಿಮಾನವನ್ನು ಹಿಂದಕ್ಕೆ ಎಳೆಯುತ್ತಿವೆ. ಮುಳ್ಳು ಇರಬೇಕಾದ ವೇಗಕ್ಕಿಂತ ಕೆಳಗಿದೆ. ಇದ್ದಕ್ಕಿದ್ದಂತೆ ಎದುರಿನ ಗಾಜಿನಲ್ಲಿ ಆಕಾಶ ಹೋಗಿ ಬೆಟ್ಟದ ಮೈ ತುಂಬಿಕೊಳ್ಳುತ್ತದೆ. ಮನುಷ್ಯರಾದವರ ಕೈ ಆಗ ಒಂದೇ ಕೆಲಸ ಮಾಡುತ್ತದೆ: ಮೂತಿಯನ್ನು ಮೇಲಕ್ಕೆ ಎಳೆಯುತ್ತದೆ. ವರದಿ ಹೇಳುವುದೂ ಅದನ್ನೇ. ಕಡಿಮೆ ವೇಗದಲ್ಲಿ, ಇಳಿಯುವ ಸ್ಥಿತಿಯಲ್ಲೇ ಇದ್ದ ವಿಮಾನವನ್ನು ತಟ್ಟನೆ ಮೇಲೇರಿಸಲು ಹೋದಾಗ ರೆಕ್ಕೆಯ ಕೋನ ಹೆಚ್ಚಿ, ಎಳೆತ ವಿಪರೀತವಾಗಿ ವಿಮಾನ ಸ್ಟಾಲ್ ಆಯಿತು. ಎಚ್ಚರಿಕೆ ಬಂದಾಗ ಎಂಜಿನ್ನಿಗೆ ಪೂರ್ತಿ ಶಕ್ತಿಯನ್ನು ಸಕಾಲದಲ್ಲಿ ಕೊಡಲಿಲ್ಲ, ಭೂಪ್ರದೇಶ ಕಠಿಣವಾಗಿತ್ತು, ಹವಾಮಾನ ಬೇಗಬೇಗನೆ ಕೆಡುತ್ತಿತ್ತು ಎಂಬುವೂ ಅದರಲ್ಲಿ ಸೇರಿವೆ.

ಈ ವರದಿಯನ್ನು ನಾನು ತಪ್ಪು ಎನ್ನುತ್ತಿಲ್ಲ. ಆದರೆ ಅದು ಬಿಡಿಸಿ ಹೇಳುವುದು ಬಹುತೇಕ ಕೊನೆಯ ಕ್ಷಣಗಳನ್ನು. ಆ ಹೊತ್ತಿಗೆ ಇಬ್ಬರ ಮುಂದೆ ಒಳ್ಳೆಯ ದಾರಿಗಳು ಉಳಿದಿರಲಿಲ್ಲ. ಒಳ್ಳೆಯ ದಾರಿ ಇದ್ದದ್ದು ಕಣಿವೆಯ ಕೆಳಗೆ, ಮೋಡ ಕಂಡಾಗ. ಕಠ್ಮಂಡುವಿಗೆ ಮರಳಲು ಅರ್ಧ ಗಂಟೆ ಸಾಕಿತ್ತು.

ಯಾಕೆ ಮರಳುವುದಿಲ್ಲ? ಮರಳುವವರು ಬೇಕಾದಷ್ಟಿದ್ದಾರೆ, ಅವರ ಸುದ್ದಿ ಬರುವುದಿಲ್ಲ ಅಷ್ಟೆ. ಲುಕ್ಲಾದಲ್ಲಿ ಹಾರಾಟ ರದ್ದಾಗಿ ಪ್ರವಾಸಿಗಳು ದಿನಗಟ್ಟಲೆ ಕಾದು ಕೂರುವುದು ಪ್ರತಿ ಋತುವಿನ ಮಾತು. ಅದನ್ನು ನೋಡಿದವರು ವಿಮಾನಯಾನ ಸಂಸ್ಥೆಗಳನ್ನು ಬೈಯುತ್ತಾರೆ. ನನಗೆ ಅದು ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿರುವ ಗುರುತಾಗಿ ಕಾಣುತ್ತದೆ. ಮತ್ತೊಂದು ಮಗ್ಗುಲಿನಿಂದ ನೋಡಿದರೆ ಪ್ರತಿ ರದ್ದತಿಯೂ ಒತ್ತಡವಾಗಿ ಸೇರುತ್ತ ಹೋಗುತ್ತದೆ. ಬೆಳಗಿನ ಕೆಲವೇ ಗಂಟೆಗಳಲ್ಲಿ ಆದಷ್ಟು ಸುತ್ತು ಹೊಡೆಯಬೇಕು. ತುಸು ಮೊದಲು ಬಂದ ವಿಮಾನ ಇಳಿದಿದೆ ಎಂದಾಗ ನಾನು ಮಾತ್ರ ವಾಪಸ್ ಹೋಗುವುದೇ ಎನ್ನಿಸುತ್ತದೆ. ಖಾಲಿ ಕೈಯಲ್ಲಿ ಮರಳಿದರೆ ಇಂಧನ ದಂಡ, ದಿನ ದಂಡ. ಹಿಂದಿನ ನೂರು ಸಲ ಇದೇ ಮೋಡದಲ್ಲಿ ಸಂದು ಸಿಕ್ಕಿತ್ತು ಎಂಬ ಅನುಭವ ಬೇರೆ. ಅನುಭವಿಗಳಿಗೆ ಅನುಭವವೇ ಮುಳುವಾಗುವುದು ಹೀಗೆ.

ಕಠ್ಮಂಡುವಿನ ದಟ್ಟಣೆ ತಪ್ಪಿಸಲು 2019ರಿಂದ ಚಾರಣದ ಋತುವಿನಲ್ಲಿ ಲುಕ್ಲಾ ವಿಮಾನಗಳನ್ನು ರಾಮೆಛಾಪ್‌ನಿಂದ ಬಿಡುವ ಏರ್ಪಾಡು ಬಂದಿದೆ. ಹಾರಾಟ ಇಪ್ಪತ್ತು ನಿಮಿಷಕ್ಕೆ ಇಳಿದಿದೆ. ಒಳ್ಳೆಯದೇ, ದೂರ ಕಡಿಮೆಯಾದರೆ ಹೊರಟಾಗಿನ ಹವಾಮಾನಕ್ಕೂ ತಲಪಿದಾಗಿನದಕ್ಕೂ ಅಂತರ ಕಡಿಮೆ. ಆದರೆ ಹೆಚ್ಚು ಸುತ್ತು ಹೊಡೆಯಲೆಂದೇ ಅದನ್ನು ಬಳಸಿದರೆ ಲಾಭ ಅಲ್ಲಿಗಲ್ಲಿಗೆ ಸರಿಹೋಗುತ್ತದೆ. ಅದೇ ವರ್ಷದ ಏಪ್ರಿಲ್ 14ರಂದು ಲುಕ್ಲಾದಿಂದ ಹೊರಟ ಎಲ್-410 ರನ್‌ವೇಯಿಂದ ಬಲಕ್ಕೆ ಜಾರಿ, ಪಕ್ಕದಲ್ಲಿ ನಿಂತಿದ್ದ ಹೆಲಿಕಾಪ್ಟರ್‌ಗೆ ಗುದ್ದಿ ಮೂವರು ಸತ್ತರು. ಅಷ್ಟು ಇಕ್ಕಟ್ಟಾದ ರನ್‌ವೇಗೆ ತಾಗಿಕೊಂಡೇ ಹೆಲಿಕಾಪ್ಟರ್ ನಿಲ್ಲಿಸಬೇಕಾದದ್ದು ಪೈಲಟ್ ಆಯ್ಕೆ ಅಲ್ಲವಷ್ಟೆ.

ಯುರೋಪಿಯನ್ ಒಕ್ಕೂಟ 2013ರ ಡಿಸೆಂಬರಿನಲ್ಲಿ ನೇಪಾಳದ ಎಲ್ಲ ವಿಮಾನಯಾನ ಸಂಸ್ಥೆಗಳನ್ನು ನಿಷೇಧಿತ ಪಟ್ಟಿಗೆ ಸೇರಿಸಿತು. ಅಲ್ಲಿನ ನಾಗರಿಕ ವಿಮಾನಯಾನ ಪ್ರಾಧಿಕಾರವೇ ನಿಲ್ದಾಣಗಳನ್ನು ನಡೆಸುತ್ತದೆ, ಅದೇ ಸುರಕ್ಷತೆಯ ಮೇಲೆ ಕಣ್ಣಿಡುತ್ತದೆ. ತನ್ನದೇ ಕೆಲಸಕ್ಕೆ ತಾನೇ ತಪಾಸಣೆ. ಇವೆರಡನ್ನು ಬೇರ್ಪಡಿಸಬೇಕು ಎಂಬ ಒತ್ತಾಯ ವರ್ಷಗಳಿಂದ ಇದೆ. ಹವಾಮಾನ ಕೆಟ್ಟಾಗ ಲುಕ್ಲಾವನ್ನು ತಕ್ಷಣ ಮುಚ್ಚುವ ಧೈರ್ಯ ಬರಬೇಕಾದರೆ ಮುಚ್ಚುವವರಿಗೆ ಆ ದಿನದ ಆದಾಯದ ಚಿಂತೆ ಇರಬಾರದು. ಬೆಟ್ಟವನ್ನು ಕಡಿದು ರನ್‌ವೇ ಉದ್ದ ಮಾಡುವುದಕ್ಕಿಂತ ಇದು ಕಡಿಮೆ ಖರ್ಚಿನ, ಬೇಗ ಆಗುವ ಸುಧಾರಣೆ.

ಇನ್ನು ಪೈಲಟ್ ವಿಷಯಕ್ಕೆ ಬಂದರೆ, ಮರಳಿದರೆ ಸಾಲದು, ಬೇಗ ಮರಳಬೇಕು. 2012ರ ಮೇ 14ರಂದು ನೇಪಾಳದ ಇನ್ನೊಂದು ಬೆಟ್ಟದ ನಿಲ್ದಾಣವಾದ ಜೋಮ್‌ಸೋಮ್‌ನಲ್ಲಿ ಅಗ್ನಿ ಏರ್‌ನ ಡಾರ್ನಿಯರ್ ಇಳಿಯುವ ಯತ್ನ ಬಿಟ್ಟು ತಿರುಗುವಾಗ ಗುಡ್ಡಕ್ಕೆ ತಾಗಿ 21 ಜನರಲ್ಲಿ 15 ಜನ ಸತ್ತರು. ಮುಕ್ತಿನಾಥಕ್ಕೆ ಹೊರಟಿದ್ದ ಭಾರತೀಯ ಯಾತ್ರಿಕರೇ ಅದರಲ್ಲಿ ಹೆಚ್ಚು. ಸಾಲಿಗ್ರಾಮ ಕ್ಷೇತ್ರವೆಂದು ನಮ್ಮ ಕಡೆಯಿಂದಲೂ ಭಕ್ತರು ಈಗಲೂ ಆ ದಾರಿಯಲ್ಲಿ ಹೋಗುತ್ತಾರೆ. ಕಣಿವೆ ಕಿರಿದಾದ ಮೇಲೆ ತಿರುಗಲು ಹೊರಟರೆ ರೆಕ್ಕೆಯನ್ನು ಹೆಚ್ಚು ಓರೆ ಮಾಡಬೇಕು, ಓರೆ ಮಾಡಿದಷ್ಟೂ ಸ್ಟಾಲ್ ಆಗುವ ವೇಗ ಏರುತ್ತದೆ.

ಗೋ ಅರೌಂಡ್ ಮಾಡಿದ ಪೈಲಟ್‌ಗೆ ಯಾಕೆ ಮಾಡಿದೆ ಎಂದು ಕೇಳಬಾರದು ಎಂಬುದು ಇಂದು ವಿಮಾನಯಾನದಲ್ಲಿ ಒಪ್ಪಿತವಾದ ನೀತಿ. ಅದೇ ನೀತಿ ಬೆಟ್ಟದ ಏರ್‌ಸ್ಟ್ರಿಪ್‌ಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು: ಮೋಡ ನೋಡಿ ದೂರದಿಂದಲೇ ತಿರುಗಿದ ಪೈಲಟ್‌ಗೆ ಸಂಬಳದಲ್ಲಿ, ಹೆಸರಿನಲ್ಲಿ ಯಾವ ನಷ್ಟವೂ ಆಗಬಾರದು. ಸಹ ಪೈಲಟ್ "ಬೇಡ" ಎಂದರೆ ಅಲ್ಲಿಗೆ ಇಳಿಯುವ ಯತ್ನ ನಿಲ್ಲಬೇಕು. ವಿಮಾನಯಾನ ಸಂಸ್ಥೆಗಳು ಇದನ್ನು ಬರೆದಿಟ್ಟರೆ ಸಾಲದು, ನಡೆಸಬೇಕು.

ಎವರೆಸ್ಟ್ ದಾರಿ ಹಿಡಿಯುವವರಿಗೂ ಮುಕ್ತಿನಾಥಕ್ಕೆ ಹೊರಡುವವರಿಗೂ ಒಂದು ಮಾತು. ಬೆಟ್ಟದಿಂದ ಮರಳುವ ದಿನಕ್ಕೂ ಊರಿಗೆ ಮರಳುವ ವಿಮಾನಕ್ಕೂ ನಡುವೆ ಎರಡು ಮೂರು ದಿನ ಬಿಟ್ಟು ಟಿಕೆಟ್ ತೆಗೆಸಿ. ಬೆಳಗಿನ ಮೊದಲ ವಿಮಾನಗಳನ್ನೇ ಹಿಡಿಯಿರಿ. ಹಾರಾಟ ರದ್ದಾಯಿತು ಎಂದರೆ ಕೌಂಟರಿನ ಮುಂದೆ ಜಗಳಕ್ಕೆ ನಿಲ್ಲಬೇಡಿ. ರಜೆ ಅಷ್ಟು ಕಡಿಮೆ ಇದೆ ಎಂದಾದರೆ ಆ ವರ್ಷ ಲುಕ್ಲಾ ಬಿಡಿ. ಸಮಯವಿದ್ದವರಿಗೆ ಸಲ್ಲೇರಿಯವರೆಗೆ ಜೀಪಿನಲ್ಲಿ ಹೋಗಿ ಅಲ್ಲಿಂದ ನಡೆಯುವ ದಾರಿಯೂ ಇದೆ. ದಾರಿ ಮಧ್ಯೆ ವಿಮಾನ ತಿರುಗಿ ಹೊರಟಲ್ಲಿಗೇ ಬಂದಿಳಿದರೆ, ಕೆಳಗಿಳಿಯುವಾಗ ಪೈಲಟ್‌ಗೆ ಧನ್ಯವಾದ ಹೇಳಿ.